ಎನ್‌ಕ್ರುಮಾ ಕಟ್ಟಿದ ಪಕ್ಷಕ್ಕಾಗಿ ಆ ದಿನ ಯಾರೂ ಯಾಕೆ ಬೀದಿಗಿಳಿಯಲಿಲ್ಲ?

ಓದುಗರ ಪ್ರಶ್ನೆ: ಘಾನಾಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಕನ್ವೆನ್ಷನ್ ಪೀಪಲ್ಸ್ ಪಾರ್ಟಿಗೆ ಲಕ್ಷಗಟ್ಟಲೆ ಸದಸ್ಯರಿದ್ದರು ಅಂತ ಓದಿದ್ದೇನೆ. ಆದರೆ 1966ರಲ್ಲಿ ಸೈನ್ಯ ಕ್ವಾಮೆ ಎನ್‌ಕ್ರುಮಾ ಅವರನ್ನು ಇಳಿಸಿದಾಗ ಪಕ್ಷದವರು ತುಟಿಪಿಟಕ್ ಎನ್ನಲಿಲ್ಲವಂತೆ. ಅಷ್ಟು ದೊಡ್ಡ ಪಕ್ಷ ಒಂದೇ ದಿನದಲ್ಲಿ ಹೇಗೆ ಮಾಯವಾಯಿತು? ಅದು ಅಮೆರಿಕದ ಕೈವಾಡವೇ? ಆ ಪಕ್ಷ ಈಗಲೂ ಇದೆಯೇ?

ಉತ್ತರ:

ನೀವು ಓದಿದ್ದು ನಿಜ. 1966ರ ಫೆಬ್ರವರಿ 24ರ ಬೆಳಗ್ಗೆ ರಾಜಧಾನಿ ಅಕ್ರಾದಲ್ಲಿ ಗುಂಡು ಹಾರಿದ್ದು ಅಧ್ಯಕ್ಷರ ನಿವಾಸ ಫ್ಲ್ಯಾಗ್‌ಸ್ಟಾಫ್ ಹೌಸ್‌ನ ಸುತ್ತಮುತ್ತ. ಎದುರು ನಿಂತು ಕಾದಾಡಿದವರು ಅಧ್ಯಕ್ಷರ ಕಾವಲು ಪಡೆಯವರು. ಪಕ್ಷದ ಕಚೇರಿಗಳಿಂದ ಒಬ್ಬ ಕಾರ್ಯಕರ್ತನೂ ಕಲ್ಲು ಹಿಡಿದು ಹೊರಗೆ ಬರಲಿಲ್ಲ. ಪಕ್ಷದ್ದೇ ಅಂಗವಾಗಿದ್ದ ಕಾರ್ಮಿಕ ಸಂಘಟನೆ ಹೊಸ ಸೇನಾ ಸರ್ಕಾರಕ್ಕೆ ಅಭಿನಂದನೆ ಹೇಳಿತು. ಸಂಸತ್ ಭವನದ ಮುಂದಿದ್ದ ಎನ್‌ಕ್ರುಮಾ ಪ್ರತಿಮೆಯನ್ನು ಜನ ಕೆಡವಿದರು.

ಆದರೆ ಅದು ಒಂದೇ ದಿನದಲ್ಲಿ ಆಗಿದ್ದಲ್ಲ. ನನ್ನನ್ನು ಕೇಳಿದರೆ ನೀವು ನೋಡಬೇಕಾದ್ದು 1966ನ್ನಲ್ಲ, 1961ರ ಸೆಪ್ಟೆಂಬರನ್ನು. ಸೈನಿಕರನ್ನಲ್ಲ, ಸೆಕೊಂಡಿ ಎಂಬ ಊರಿನ ರೈಲ್ವೆ ಕಾರ್ಮಿಕರನ್ನು. ಅಲ್ಲಿಗೆ ಬರುವ ಮುಂಚೆ ಪಕ್ಷ ಹುಟ್ಟಿದ ಕತೆ ಹೇಳಬೇಕು. ಯಾಕೆಂದರೆ ಪಕ್ಷವನ್ನು ಎತ್ತಿದ ಜನರೇ ಆಮೇಲೆ ಕೈಬಿಟ್ಟಿದ್ದು.

ಆಗ ಆ ದೇಶದ ಹೆಸರು ಗೋಲ್ಡ್ ಕೋಸ್ಟ್. ಬ್ರಿಟಿಷರ ವಸಾಹತು. 1947ರ ಆಗಸ್ಟ್ 4ರಂದು, ಅಂದರೆ ನಮ್ಮ ಸ್ವಾತಂತ್ರ್ಯಕ್ಕೆ ಹನ್ನೊಂದು ದಿನ ಮುಂಚೆ, ಸಾಲ್ಟ್‌ಪಾಂಡ್ ಎಂಬ ಕರಾವಳಿ ಊರಿನಲ್ಲಿ ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್ ಎಂಬ ಸಂಸ್ಥೆ ಶುರುವಾಯಿತು. ಮುಖ್ಯ ತಲೆ ವಕೀಲ ಜೆ.ಬಿ. ಡಾಂಕ್ವಾ. ಹಣ ಹಾಕಿದವರು ಜಾರ್ಜ್ ಗ್ರಾಂಟ್ ಎಂಬ ಮರದ ವ್ಯಾಪಾರಿ. ಓದಿದವರು, ಅನುಕೂಲಸ್ಥರು. ಇವರ ಬೇಡಿಕೆ 'ಆದಷ್ಟು ಬೇಗ ಸ್ವಯಮಾಡಳಿತ'. ಎಲ್ಲರಿಗೂ ಅವರವರ ವಕೀಲಿಕೆ, ವ್ಯಾಪಾರ ಇದ್ದುದರಿಂದ ಊರೂರು ಸುತ್ತುವ ಒಬ್ಬ ಪೂರ್ಣಾವಧಿ ಕಾರ್ಯದರ್ಶಿ ಬೇಕಾಗಿತ್ತು. ಲಂಡನ್‌ನಲ್ಲಿದ್ದ ಎನ್‌ಕ್ರುಮಾಗೆ ಕರೆ ಹೋಯಿತು. ಅಮೆರಿಕದಲ್ಲಿ ಹತ್ತು ವರ್ಷ ಕಷ್ಟಪಟ್ಟು ಓದಿದವರು, 1945ರ ಮ್ಯಾಂಚೆಸ್ಟರ್ ಪ್ಯಾನ್-ಆಫ್ರಿಕನ್ ಸಮಾವೇಶ ನಡೆಸಲು ಓಡಾಡಿದವರು. 1947ರ ಡಿಸೆಂಬರ್‌ನಲ್ಲಿ ಬಂದಿಳಿದರು. ಸಂಬಳಕ್ಕೆ ಇಟ್ಟುಕೊಂಡ ಕಾರ್ಯದರ್ಶಿ ತಮ್ಮನ್ನೇ ಮೀರಿಸುತ್ತಾನೆ ಅಂತ ಆ ವಕೀಲರು ಅಂದುಕೊಂಡಿರಲಿಲ್ಲ.

ಎರಡೇ ತಿಂಗಳಲ್ಲಿ ಊರು ಹೊತ್ತಿಕೊಂಡಿತು. ಯುರೋಪಿಯನ್ ಅಂಗಡಿಗಳ ದುಬಾರಿ ಬೆಲೆಯ ವಿರುದ್ಧ ನೀ ಕ್ವಾಬೆನಾ ಬೊನ್ನೆ ಎಂಬ ಅಕ್ರಾದ ಮುಖಂಡ ಬಹಿಷ್ಕಾರ ನಡೆಸಿದ್ದರು. ಅದು ಮುಗಿಯುವ ದಿನವೇ, 1948ರ ಫೆಬ್ರವರಿ 28ರಂದು, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಹೋರಾಡಿ ಬಂದ ಮಾಜಿ ಸೈನಿಕರು ಮನವಿ ಹಿಡಿದು ಗವರ್ನರ್ ಬಳಿಗೆ ಮೆರವಣಿಗೆ ಹೊರಟರು. ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ದಾರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು: ಅಡ್ಜೆಟೆ, ಅಟ್ಟಿಪೋ, ಒಡಾರ್ಟೆ ಲ್ಯಾಂಪ್ಟಿ. ಬರ್ಮಾದ ಕಾಡಿನಿಂದ ಬದುಕಿ ಬಂದವರ ಗುಂಪಿನ ಮೇಲೆ ಸ್ವಂತ ಊರಿನಲ್ಲೇ ಗುಂಡು. ಅಂಗಡಿಗಳು ಸುಟ್ಟವು, ಲೂಟಿಯಾದವು. ಗಲಭೆಯಲ್ಲಿ ಒಟ್ಟು 29 ಜನ ಸತ್ತರು. ಬ್ರಿಟಿಷರು ಡಾಂಕ್ವಾ, ಎನ್‌ಕ್ರುಮಾ ಸೇರಿ ಆರು ನಾಯಕರನ್ನು ಬಂಧಿಸಿದರು. ಘಾನಾದಲ್ಲಿ ಇವತ್ತಿಗೂ ಅವರನ್ನು 'ಬಿಗ್ ಸಿಕ್ಸ್' ಅಂತಲೇ ಕರೆಯುತ್ತಾರೆ.

ಬಿಡುಗಡೆಯಾದ ಮೇಲೆ ಆ ಆರು ಮಂದಿಯಲ್ಲಿ ಒಡಕು ಬಂತು. ವಕೀಲರು ಬ್ರಿಟಿಷರು ಮಾಡಿದ ಸಂವಿಧಾನ ಸಮಿತಿಯಲ್ಲಿ ಹೋಗಿ ಕೂತರು. ಎನ್‌ಕ್ರುಮಾಗೆ ಅಲ್ಲಿ ಜಾಗ ಕೊಡಲಿಲ್ಲ. ಇವರು ಯುವಕರ ಕಡೆ ತಿರುಗಿದರು. ಏಳನೇ ತರಗತಿಗೆ ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗರು, ಗುಮಾಸ್ತರು, ಲಾರಿ ಚಾಲಕರು, ಸಣ್ಣ ವ್ಯಾಪಾರಿಗಳು. ಬಾಡಿಗೆ ಕಟ್ಟಲು ಕಾಸಿಲ್ಲದೆ ಉಳ್ಳವರ ಮನೆ ಜಗಲಿಯಲ್ಲಿ ಮಲಗುವವರು ಅಂತ ದೊಡ್ಡವರು ಅವರನ್ನು 'ವರಾಂಡಾ ಹುಡುಗರು' ಎಂದು ಆಡಿಕೊಳ್ಳುತ್ತಿದ್ದರು. ಹುಡುಗರು ಅದನ್ನೇ ಬಿರುದಾಗಿ ಹಾಕಿಕೊಂಡರು.

1949ರ ಜೂನ್ 12ರಂದು ಅಕ್ರಾದಲ್ಲಿ ಸುಮಾರು 60,000 ಜನರ ಮುಂದೆ ಎನ್‌ಕ್ರುಮಾ ಹೊಸ ಪಕ್ಷ ಘೋಷಿಸಿದರು. ಕನ್ವೆನ್ಷನ್ ಪೀಪಲ್ಸ್ ಪಾರ್ಟಿ, ಚಿಕ್ಕದಾಗಿ ಸಿಪಿಪಿ. ಹಳೆಯವರ 'ಆದಷ್ಟು ಬೇಗ' ಎಂಬುದಕ್ಕೆ ಎದುರಾಗಿ ಇವರದ್ದು 'ಸ್ವಯಮಾಡಳಿತ ಈಗಲೇ'. ಪಕ್ಷಕ್ಕೆ ಕೆಂಪು, ಬಿಳಿ, ಹಸಿರು ಬಾವುಟ ಬಂತು. ಧ್ವನಿವರ್ಧಕ ಕಟ್ಟಿದ ವ್ಯಾನ್ ಬಂತು, ಹಾಡು ಬಂತು, ಕೈ ಎತ್ತಿ ಮಾಡುವ ಸಲಾಮು ಬಂತು. 'ಅಕ್ರಾ ಈವ್ನಿಂಗ್ ನ್ಯೂಸ್' ಪತ್ರಿಕೆಯನ್ನು ಓದು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮಾರುಕಟ್ಟೆಯ ಹೆಂಗಸರು ಹಣ ಕೊಟ್ಟರು, ಕಾರ್ಯಕರ್ತರಿಗೆ ಊಟ ಹಾಕಿದರು, ತಾವೂ ಭಾಷಣಕ್ಕೆ ನಿಂತರು. ಹೊಲಿಗೆ ಕೆಲಸ ಮಾಡುತ್ತಿದ್ದ ಹನ್ನಾ ಕುಜೋ ಪಕ್ಷದ ಪ್ರಚಾರ ಕಾರ್ಯದರ್ಶಿಯಾಗಿ ಊರೂರು ತಿರುಗಿದರು. ಪಶ್ಚಿಮ ಆಫ್ರಿಕದಲ್ಲಿ ಆವರೆಗೆ ಯಾರೂ ಇಂಥ ಪಕ್ಷ ಕಂಡಿರಲಿಲ್ಲ.

1950ರ ಜನವರಿ 8ರಂದು 'ಪಾಸಿಟಿವ್ ಆ್ಯಕ್ಷನ್' ಶುರುವಾಯಿತು. ಮುಷ್ಕರ, ಬಹಿಷ್ಕಾರ, ಅಸಹಕಾರ. ಇದರ ಹಿಂದೆ ಗಾಂಧೀಜಿಯ ಪ್ರಭಾವ ಇದೆ ಅಂತ ಎನ್‌ಕ್ರುಮಾ ಅವರೇ ಒಪ್ಪಿಕೊಂಡಿದ್ದರು. ಮುಷ್ಕರಕ್ಕೆ ನಿಜವಾದ ಬಲ ಕೊಟ್ಟವರು ರೈಲ್ವೆಯವರು. ಸೆಕೊಂಡಿಯ ಎಂಜಿನ್ ಚಾಲಕ ಪೋಬಿ ಬಿನೆ ಅವರ ಮುಂದಾಳು. ಈ ಊರನ್ನು ನೆನಪಿಟ್ಟುಕೊಳ್ಳಿ.

ಸರ್ಕಾರ ತುರ್ತು ಪರಿಸ್ಥಿತಿ ಹೇರಿ ನಾಯಕರನ್ನೆಲ್ಲ ಒಳಗೆ ಹಾಕಿತು. ಎನ್‌ಕ್ರುಮಾಗೆ ಮೂರು ವರ್ಷ ಜೈಲಾಯಿತು. ಅಕ್ರಾದ ಜೇಮ್ಸ್ ಫೋರ್ಟ್ ಜೈಲಿನಿಂದ ಅವರು ಟಾಯ್ಲೆಟ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಸೂಚನೆ ಕಳಿಸುತ್ತಿದ್ದರು. ಹೊರಗೆ ಪಕ್ಷ ನಡೆಸಿದವರು ಕೆ.ಎ. ಗ್ಬೆಡೆಮಾ. ನನ್ನ ಲೆಕ್ಕದಲ್ಲಿ ಸಿಪಿಪಿ ಕಂಡ ಅತ್ಯಂತ ಒಳ್ಳೆಯ ಸಂಘಟಕ ಇವರೇ.

1951ರ ಫೆಬ್ರವರಿಯಲ್ಲಿ ಚುನಾವಣೆ ಬಂತು. ಇಲ್ಲೊಂದು ತಮಾಷೆ ಇದೆ. ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯಾದವರು ಮತದಾರರ ಪಟ್ಟಿಗೆ ಸೇರುವಂತಿರಲಿಲ್ಲ. ಆದರೆ ಎನ್‌ಕ್ರುಮಾ ಅವರದ್ದು ಒಂದಾದ ಮೇಲೊಂದರಂತೆ ಒಂದೊಂದು ವರ್ಷದ ಮೂರು ಶಿಕ್ಷೆ. ಯಾವ ಒಂದೂ ವರ್ಷ ಮೀರುವುದಿಲ್ಲ! ಹೀಗೆ ಕಾನೂನಿನ ಸಂದಿಯಲ್ಲಿ ನುಸುಳಿ ಜೈಲಿನಿಂದಲೇ ಅಕ್ರಾದಲ್ಲಿ ನಿಂತರು. ಬಿದ್ದ 23,122 ಮತಗಳಲ್ಲಿ ಅವರಿಗೆ 22,780. ಚುನಾಯಿತ 38 ಸ್ಥಾನಗಳಲ್ಲಿ ಸಿಪಿಪಿಗೆ 34. ಗವರ್ನರ್ ಆರ್ಡನ್-ಕ್ಲಾರ್ಕ್ ಬುದ್ಧಿವಂತ. ಜೈಲಿನಿಂದ ಬಿಡಿಸಿ, ಮರುದಿನವೇ ಕರೆಸಿ ಸರ್ಕಾರ ರಚಿಸಲು ಹೇಳಿದರು. ಬಿಡುಗಡೆಯ ದಿನ ಜನ ಎನ್‌ಕ್ರುಮಾ ಅವರನ್ನು ಮೆರವಣಿಗೆಯಲ್ಲಿ ಕರೆದೊಯ್ದು, ಕುರಿ ಕಡಿದು, ಜೈಲಿನ ಮೈಲಿಗೆ ಹೋಗಲಿ ಅಂತ ಆ ರಕ್ತದಲ್ಲಿ ಬರಿಗಾಲಿನಲ್ಲಿ ಏಳು ಸಲ ಕಾಲಿಡಿಸಿದರು. ಜೈಲಿಗೆ ಹೋಗಿ ಬಂದ ಕಾರ್ಯಕರ್ತರು 'ಪಿ.ಜಿ.' ಎಂದು ಬರೆದ ಟೋಪಿ ಹಾಕಿಕೊಂಡು ತಿರುಗಿದರು. ಪಿ.ಜಿ. ಅಂದರೆ ಪ್ರಿಸನ್ ಗ್ರ್ಯಾಜುಯೇಟ್, ಜೈಲು ಪದವೀಧರ. ಪದವಿ ಹಿಡಿದು ಮೆರೆಯುತ್ತಿದ್ದ ವಕೀಲರಿಗೆ ಕೊಟ್ಟ ಏಟು ಅದು.

ಇಲ್ಲಿವರೆಗಿನ ಕತೆ ಏರು ಕತೆ. ಇನ್ನು ಕೋಕೋ ವಿಷಯಕ್ಕೆ ಬರೋಣ. ಕೋಕೋ ಬಿಟ್ಟು ಸಿಪಿಪಿ ಅರ್ಥವಾಗುವುದಿಲ್ಲ.

ಗೋಲ್ಡ್ ಕೋಸ್ಟ್ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುತ್ತಿದ್ದ ನಾಡು. ಬೆಳೆಯುವವರು ದೊಡ್ಡ ಎಸ್ಟೇಟಿನವರಲ್ಲ, ಆಫ್ರಿಕದ ರೈತರೇ. ಆದರೆ ಅವರು ಬೇಕಾದವರಿಗೆ ಮಾರುವಂತಿರಲಿಲ್ಲ. 1947ರಿಂದ ಕೋಕೋ ಮಾರ್ಕೆಟಿಂಗ್ ಬೋರ್ಡ್ ಒಂದೇ ಕೊಳ್ಳುಗ. ಬೋರ್ಡು ವರ್ಷದ ಶುರುವಿನಲ್ಲಿ ಒಂದು ಬೆಲೆ ಗೊತ್ತುಮಾಡುತ್ತದೆ, ರೈತನಿಗೆ ಅಷ್ಟೇ ಸಿಗುತ್ತದೆ. ಹೊರಗೆ ಬೆಲೆ ಜಾಸ್ತಿಯಾದರೆ ಉಳಿದದ್ದು ಬೋರ್ಡಿನ ಖಜಾನೆಗೆ. ಬೆಲೆ ಬಿದ್ದ ವರ್ಷ ಆ ಹಣದಿಂದ ರೈತನನ್ನು ಕಾಪಾಡುತ್ತೇವೆ ಅನ್ನುವುದು ಲೆಕ್ಕಾಚಾರ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಯುದ್ಧದ ನಂತರ ಬೆಲೆ ಏರುತ್ತಲೇ ಹೋಯಿತು, ಖಜಾನೆ ತುಂಬುತ್ತಲೇ ಹೋಯಿತು. ಈ ರಾಶಿ ಹಣದ ಬೀಗದ ಕೈ 1951ರ ನಂತರ ಸಿಪಿಪಿ ಕೈಗೆ ಬಂತು.

1954ರ ಜೂನ್ ಚುನಾವಣೆಯಲ್ಲಿ 104ರಲ್ಲಿ 72 ಸ್ಥಾನ ಗೆದ್ದರು. ಗೆದ್ದು ಎರಡು ತಿಂಗಳಾಗಿತ್ತಷ್ಟೆ. ಹಣಕಾಸು ಸಚಿವರಾಗಿದ್ದ ಗ್ಬೆಡೆಮಾ ಆಗಸ್ಟಿನಲ್ಲಿ ಮಸೂದೆ ತಂದರು: 60 ಪೌಂಡು ತೂಕದ ಒಂದು ಮೂಟೆಗೆ 72 ಷಿಲಿಂಗ್, ಮುಂದಿನ ನಾಲ್ಕು ವರ್ಷ ಅದೇ ಬೆಲೆ. ಲೆಕ್ಕ ಹಾಕಿದರೆ ಒಂದು ಟನ್ನಿಗೆ ಸುಮಾರು 134 ಪೌಂಡ್ ಹಣ. ಆ ಬೇಸಿಗೆಯಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಇದ್ದದ್ದು ಅದರ ಮೂರು ಪಟ್ಟಿಗೂ ಜಾಸ್ತಿ. ಉಳಿದದ್ದು ದೇಶದ ಅಭಿವೃದ್ಧಿಗೆ ಅಂತ ಸರ್ಕಾರ ಹೇಳಿತು. ಅದು ಪೂರ್ತಿ ಸುಳ್ಳಲ್ಲ. ಶಾಲೆ, ರಸ್ತೆ, ಆಸ್ಪತ್ರೆ ನಿಜವಾಗಿಯೂ ಆದವು. ಹಳ್ಳಿ ಮಕ್ಕಳು ಮೊದಲ ಸಲ ಸಾಲುಸಾಲಾಗಿ ಶಾಲೆಗೆ ಹೋದರು. ಆದರೆ ಕುಮಾಸಿ ನಗರದ ಸುತ್ತಲಿನ ಅಶಾಂತಿ (ಇದು ಅಲ್ಲಿನ ಜನಾಂಗದ, ಪ್ರಾಂತ್ಯದ ಹೆಸರು) ರೈತ ಯೋಚಿಸಿದ್ದು ಬೇರೆ: ಬೆವರು ನನ್ನದು, ಹಣ ಅಕ್ರಾದ್ದು.

ಅದೇ ಸೆಪ್ಟೆಂಬರ್‌ನಲ್ಲಿ ಕುಮಾಸಿಯಲ್ಲಿ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಹುಟ್ಟಿತು. ಅಧ್ಯಕ್ಷರು ಅಶಾಂತಿ ದೊರೆಯ ಆಸ್ಥಾನದ ಬಾಫೂರ್ ಒಸೆ ಅಕೊಟೊ. ಆದರೆ ಅದನ್ನು ಓಡಿಸಿದ್ದು ಸಿಪಿಪಿಯಿಂದಲೇ ಹೊರಬಂದ ಅಶಾಂತಿ ಯುವಕರು. ನಿನ್ನೆಯವರೆಗೆ ಸಿಪಿಪಿ ವ್ಯಾನಿನಲ್ಲಿ ಕೂಗಿದ ಹುಡುಗರು ಇವರು. ಕುಮಾಸಿಯಲ್ಲಿ ಬಾಂಬು, ಚೂರಿ, ಮನೆಗೆ ಬೆಂಕಿ ಎಲ್ಲ ನಡೆಯಿತು. ಎರಡೂ ಕಡೆಯವರ ಕೈ ಕೊಳಕಾಗಿತ್ತು. 1956ರಲ್ಲಿ ಬ್ರಿಟಿಷರು ಇನ್ನೊಂದು ಚುನಾವಣೆ ಮಾಡಿಸಿಯೇ ಸ್ವಾತಂತ್ರ್ಯದ ದಿನ ಗೊತ್ತುಮಾಡಿದರು. ಸಿಪಿಪಿಗೆ 71 ಸ್ಥಾನ ಬಂತು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು.

ಅಷ್ಟರಲ್ಲಿ ಇನ್ನೊಂದು ಹುಳುಕು ಹೊರಬಿದ್ದಿತ್ತು. ಸಾಲದಿಂದ ಒದ್ದಾಡುವ ರೈತರಿಗೆ ನೆರವಾಗಲೆಂದು 1952ರಲ್ಲಿ ಕೋಕೋ ಪರ್ಚೇಸಿಂಗ್ ಕಂಪನಿ ಎಂಬ ಸರ್ಕಾರಿ ಸಂಸ್ಥೆ ಮಾಡಿದ್ದರು. ನೈಜೀರಿಯದ ನ್ಯಾಯಾಧೀಶ ಜಿಬೋವು ಅವರ ಆಯೋಗ 1956ರಲ್ಲಿ ತನಿಖೆ ಮಾಡಿದಾಗ ಕಂಡದ್ದೇನು? ಸಾಲ ಕೊಡುವಲ್ಲಿ ಪಕ್ಷಪಾತ, ಪಕ್ಷದ ಕೆಲಸಕ್ಕೆ ಕಂಪನಿಯ ಬಳಕೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನನಗೆ ಇಲ್ಲಿ ಮುಖ್ಯವೆನಿಸುವುದು ಎಷ್ಟು ಹಣ ಹೋಯಿತು ಅನ್ನುವುದಲ್ಲ, ಪಕ್ಷದ ಅಭ್ಯಾಸ ಬದಲಾದದ್ದು. 1949ರಲ್ಲಿ ಪಕ್ಷ ಬದುಕಿದ್ದು ಮಾರುಕಟ್ಟೆಯ ಹೆಂಗಸರು ಕೊಟ್ಟ ಚಿಲ್ಲರೆ ಕಾಸಿನಲ್ಲಿ. ಹಾಗಾಗಿ ಅವರ ಮಾತಿಗೆ ಕಿವಿ ಕೊಡಬೇಕಿತ್ತು. ಸರ್ಕಾರದ ಹಣ ಕೈಗೆ ಬಂದ ಮೇಲೆ ಆ ಹಂಗು ತಪ್ಪಿತು. ಈಗ ಕೊಡುವವನು ಪಕ್ಷ, ಕೈಚಾಚುವವರು ಜನ.

ಸ್ವಾತಂತ್ರ್ಯದ ನಂತರದ ಕತೆ ನಿಮಗೆ ಅಲ್ಲಲ್ಲಿ ಗೊತ್ತಿರಬಹುದು, ಬೇಗ ಹೇಳಿಬಿಡುತ್ತೇನೆ. 1957ರ ಕೊನೆಗೆ ಪ್ರಾಂತ್ಯ, ಬುಡಕಟ್ಟು, ಧರ್ಮದ ಆಧಾರದ ಪಕ್ಷಗಳನ್ನು ನಿಷೇಧಿಸಿದರು. ವಿರೋಧಿಗಳೆಲ್ಲ ಸೇರಿ ಯುನೈಟೆಡ್ ಪಾರ್ಟಿ ಮಾಡಿಕೊಂಡರು, ನಾಯಕ ಕೆ.ಎ. ಬುಸಿಯಾ. 1958ರಲ್ಲಿ ವಿಚಾರಣೆಯಿಲ್ಲದೆ ಐದು ವರ್ಷ ಕೂಡಿಹಾಕುವ ಮುನ್ನೆಚ್ಚರಿಕೆ ಬಂಧನ ಕಾಯ್ದೆ ಬಂತು. ಪಕ್ಷಕ್ಕೆ ಎದುರು ನಿಂತ ಊರ ಮುಖ್ಯಸ್ಥರ ಪಟ್ಟ ಹೋಯಿತು. ಜಿಲ್ಲಾಧಿಕಾರಿಗಳ ಜಾಗಕ್ಕೆ ಪಕ್ಷದವರು ಬಂದರು. 1960ರಲ್ಲಿ ಘಾನಾ ಗಣರಾಜ್ಯವಾಯಿತು, ಎನ್‌ಕ್ರುಮಾ ಅಧ್ಯಕ್ಷರಾದರು. ಎದುರು ನಿಂತ ಡಾಂಕ್ವಾಗೆ ಸುಮಾರು ಶೇ. 11 ಮತ. ಅದೇ ವರ್ಷ ವಿಶೇಷ ಕಾನೂನು ಮಾಡಿ ಹತ್ತು ಮಹಿಳೆಯರನ್ನು ಸಂಸತ್ತಿಗೆ ತಂದರು ಅನ್ನುವುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆಗಿನ ಆಫ್ರಿಕದಲ್ಲಿ ಅದು ಸಣ್ಣ ಮಾತಲ್ಲ.

ಕಾರ್ಮಿಕ ಸಂಘಗಳ ಒಕ್ಕೂಟ, ರೈತ ಮಂಡಳಿ, ಮಹಿಳಾ ಮಂಡಳಿ, ಸಹಕಾರ ಸಂಘಗಳು, ಮಕ್ಕಳ ಯಂಗ್ ಪಯನಿಯರ್ಸ್, ಎಲ್ಲವೂ ಪಕ್ಷದ ಅಂಗಗಳಾದವು. ನೀವು ಓದಿದ 'ಲಕ್ಷಗಟ್ಟಲೆ ಸದಸ್ಯರು' ಬಂದದ್ದು ಇಲ್ಲಿಂದ. ಸಂಘಕ್ಕೆ ಸೇರಿದರೆ ಪಕ್ಷದ ಲೆಕ್ಕಕ್ಕೂ ಸೇರಿದಂತೆ. 'ಸಿಪಿಪಿಯೇ ಘಾನಾ, ಘಾನಾವೇ ಸಿಪಿಪಿ' ಎಂಬ ಘೋಷಣೆ ಮೊಳಗಿತು. ಎಲ್ಲರೂ ಸದಸ್ಯರಾದರೆ ಸದಸ್ಯತನಕ್ಕೆ ಏನು ಬೆಲೆ?

ಈಗ ಸೆಕೊಂಡಿಗೆ ಬರೋಣ.

1961ರ ಹೊತ್ತಿಗೆ ಕೋಕೋ ಬೆಲೆ ಇಳಿಯುತ್ತಿತ್ತು, ಖಜಾನೆ ಕರಗುತ್ತಿತ್ತು. ಜುಲೈನ ಬಜೆಟ್‌ನಲ್ಲಿ ಕಡ್ಡಾಯ ಉಳಿತಾಯ ಯೋಜನೆ ಬಂತು. ವರ್ಷಕ್ಕೆ 120 ಪೌಂಡ್ ಮೇಲೆ ದುಡಿಯುವವನ ಸಂಬಳದಲ್ಲಿ ಶೇ. 5 ಮುರಿದುಕೊಂಡು ಸರ್ಕಾರಿ ಬಾಂಡ್ ಕೊಡುವುದು. ಜೊತೆಗೆ ಆಮದು ಸಾಮಾನುಗಳ ಮೇಲೆ ಹೊಸ ಸುಂಕ. ಇದಕ್ಕೆ ಮೂರು ತಿಂಗಳು ಮುಂಚೆ, ಏಪ್ರಿಲ್ 8ರ ಮುಂಜಾನೆ, ಎನ್‌ಕ್ರುಮಾ ಸ್ವತಃ ರೇಡಿಯೋದಲ್ಲಿ ಬಂದು ಪಕ್ಷದವರ ಭ್ರಷ್ಟಾಚಾರ, ಆಡಂಬರ, ಹುದ್ದೆಯಲ್ಲಿದ್ದುಕೊಂಡೇ ವ್ಯಾಪಾರ ಮಾಡುವ ಚಟವನ್ನು ಬೈದಿದ್ದರು. ಜನ ಅದನ್ನು ಕೇಳಿದ್ದರು. ನಾಯಕನೇ 'ನಮ್ಮವರು ತಿನ್ನುತ್ತಿದ್ದಾರೆ' ಅಂದ ಮೇಲೆ ಕೂಲಿಯವನ ಸಂಬಳಕ್ಕೆ ಕೈ ಹಾಕಿದರೆ ಅವನು ಸುಮ್ನೆ ಇರುತ್ತಾನಾ?

ಸೆಪ್ಟೆಂಬರ್ ಶುರುವಿನಲ್ಲಿ ಸೆಕೊಂಡಿ-ಟಕೊರಾಡಿಯ ರೈಲ್ವೆ ಮತ್ತು ಬಂದರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಹನ್ನೊಂದು ವರ್ಷದ ಹಿಂದೆ ಎನ್‌ಕ್ರುಮಾಗಾಗಿ ರೈಲು ನಿಲ್ಲಿಸಿದ ಅದೇ ಊರು. ಅವರ ಪೋಬಿ ಬಿನೆಯನ್ನು ಪಕ್ಷ ಯಾವತ್ತೋ ಬದಿಗೆ ಸರಿಸಿತ್ತು. ಕಾರ್ಮಿಕ ಒಕ್ಕೂಟದ ನಾಯಕರು ಮುಷ್ಕರಕ್ಕೆ ಬೆಂಬಲ ಕೊಡುವುದು ಬಿಡಿ, ಅದನ್ನು ಮುರಿಯಲು ನಿಂತರು. ಯಾಕೆಂದರೆ ಒಕ್ಕೂಟ ಈಗ ಪಕ್ಷದ್ದು, ಪಕ್ಷ ಸರ್ಕಾರದ್ದು. ಮುಷ್ಕರವೇ ಕಾನೂನುಬಾಹಿರ. ಆದರೂ ಮಾರುಕಟ್ಟೆಯ ಹೆಂಗಸರು ಮುಷ್ಕರ ನಿರತರಿಗೆ ಪುಕ್ಕಟೆ ಊಟ ಹಾಕಿದರು. ಗಮನಿಸಿ, 1950ರಲ್ಲೂ ಪಕ್ಷದ ಬೆನ್ನಿಗೆ ನಿಂತಿದ್ದವರು ಇವರೇ: ಗಂಡಸರು ರೈಲು ನಿಲ್ಲಿಸಿದರು, ಹೆಂಗಸರು ಒಲೆ ಹಚ್ಚಿದರು. ಬದಲಾದದ್ದು ಯಾರ ವಿರುದ್ಧ ಅನ್ನುವುದು ಮಾತ್ರ. ಎನ್‌ಕ್ರುಮಾ ಆಗ ವಿದೇಶ ಪ್ರವಾಸದಲ್ಲಿದ್ದರು. ಅವರು ವಾಪಸಾದ ಮೇಲೆ, ಹದಿನೇಳು ದಿನದ ನಂತರ, ಮುಷ್ಕರ ಸೋತು ನಿಂತಿತು. ಮುಂದಾಳುಗಳು ಜೈಲು ಸೇರಿದರು. ಡಾಂಕ್ವಾ ಕೂಡ ಸೇರಿದರು.

ಅದೇ ತಿಂಗಳು ಎನ್‌ಕ್ರುಮಾ ಗ್ಬೆಡೆಮಾ ಅವರನ್ನು ಸಂಪುಟದಿಂದ ತೆಗೆದರು. ಅವರು ದೇಶ ಬಿಟ್ಟು ಹೋದರು. ನಾಯಕ ಜೈಲಿನಲ್ಲಿದ್ದಾಗ ಪಕ್ಷ ಉಳಿಸಿದ ಮನುಷ್ಯ ಹೀಗೆ ಹೊರಬಿದ್ದರು. ಪಕ್ಷದ ಕಾಲು ಮತ್ತು ಕಿವಿ ಎರಡೂ ಹೋದದ್ದು ಆ ಒಂದು ತಿಂಗಳಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಆಮೇಲಿನ ನಾಲ್ಕೂವರೆ ವರ್ಷ ಪಕ್ಷ ಇದ್ದದ್ದು ರೇಡಿಯೋದಲ್ಲಿ, ಪತ್ರಿಕೆಯಲ್ಲಿ, ಸಂಬಳದ ಪಟ್ಟಿಯಲ್ಲಿ.

ಮಂತ್ರಿಗಳ ವೈಭವದ ಕತೆಗಳು ಬೇರೆ. 1962ರಲ್ಲಿ ಸಚಿವ ಕ್ರೋಬೊ ಎಡುಸೆ ಅವರ ಹೆಂಡತಿ ಲಂಡನ್‌ನಲ್ಲಿ 3,000 ಪೌಂಡ್ ಕೊಟ್ಟು ಚಿನ್ನದ ಲೇಪದ ಮಂಚ ಕೊಂಡದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕಡ್ಡಾಯ ಉಳಿತಾಯಕ್ಕೆ ಸಂಬಳ ಮುರಿಸಿಕೊಂಡವನ ವರ್ಷದ ದುಡಿಮೆಯ ಜೊತೆ ಹೋಲಿಸಿ ನೋಡಿ.

1962ರ ಆಗಸ್ಟಿನಲ್ಲಿ ಕುಲುಂಗುಗು ಎಂಬಲ್ಲಿ ಎನ್‌ಕ್ರುಮಾ ಮೇಲೆ ಬಾಂಬ್ ದಾಳಿಯಾಯಿತು. ಅಲ್ಲಿಂದ ಭಯ ಅವರನ್ನು ಹಿಡಿಯಿತು, ಅದರಲ್ಲಿ ಅರ್ಥವೂ ಇತ್ತು. ಆದರೆ ಬಂಧನವಾದದ್ದು ಅವರ ಸ್ವಂತ ಪಕ್ಷದ ದೊಡ್ಡವರದ್ದು: ತಾವಿಯಾ ಅಡಮಾಫಿಯೊ, ಅಕೊ ಅಡ್ಜೆ, ಕೋಫಿ ಕ್ರ್ಯಾಬ್. ಈ ಅಕೊ ಅಡ್ಜೆ ಬಿಗ್ ಸಿಕ್ಸ್‌ನಲ್ಲಿ ಒಬ್ಬರು. 1947ರಲ್ಲಿ 'ಎನ್‌ಕ್ರುಮಾರನ್ನು ಕರೆಸಿ' ಅಂತ ಸೂಚಿಸಿದವರೇ ಅವರು! ನ್ಯಾಯಾಲಯ ಸಾಕ್ಷಿ ಸಾಲದೆಂದು ಮೂವರನ್ನೂ ಬಿಟ್ಟಿತು. ಎನ್‌ಕ್ರುಮಾ ಮುಖ್ಯ ನ್ಯಾಯಾಧೀಶರನ್ನೇ ವಜಾ ಮಾಡಿ, ಮರು ವಿಚಾರಣೆ ಮಾಡಿಸಿ ಮರಣದಂಡನೆ ಕೊಡಿಸಿದರು. ಆಮೇಲೆ ಅದನ್ನು ಜೈಲಿಗೆ ಇಳಿಸಿದರು. ಡಾಂಕ್ವಾ ಎರಡನೇ ಸಲ ಬಂಧನದಲ್ಲಿದ್ದಾಗ 1965ರ ಫೆಬ್ರವರಿಯಲ್ಲಿ ನ್ಸಾವಮ್ ಜೈಲಿನಲ್ಲೇ ಸತ್ತರು.

1964ರ ಜನವರಿಯಲ್ಲಿ ಏಕಪಕ್ಷ ವ್ಯವಸ್ಥೆಗೆ ಜನಮತ. ಸರ್ಕಾರಿ ಲೆಕ್ಕದಲ್ಲಿ ಶೇ. 99.91 'ಹೌದು'. ಹತ್ತು ವರ್ಷದ ಹಿಂದೆ ಬೀದಿಯಲ್ಲಿ ರಕ್ತ ಹರಿಸಿ ಸಿಪಿಪಿಯನ್ನು ವಿರೋಧಿಸಿದ ಅಶಾಂತಿ ಪ್ರಾಂತ್ಯದಿಂದ ಒಂದೇ ಒಂದು 'ಇಲ್ಲ' ಮತವೂ ಬರಲಿಲ್ಲವಂತೆ. ನಂಬುವವರು ನಂಬಬಹುದು. 1965ರ ಚುನಾವಣೆಯಲ್ಲಂತೂ ಮತದಾನವೇ ನಡೆಯಲಿಲ್ಲ. ಪಕ್ಷ ಆರಿಸಿದ 198 ಮಂದಿಯೂ ಅವಿರೋಧವಾಗಿ ಗೆದ್ದರು ಅಂತ ಘೋಷಿಸಿದರು.

ಪಕ್ಷದ ಊರಿನ ಶಾಖೆಗಳಿಗೆ ಇದರಿಂದ ಏನಾಯಿತು ಯೋಚಿಸಿ. ಶಾಖೆಯ ಕಾರ್ಯದರ್ಶಿಗೆ ಮಾಡುವ ಕೆಲಸವೇ ಉಳಿಯಲಿಲ್ಲ. ಮತ ಕೇಳುವ ಹಾಗಿಲ್ಲ, ಚುನಾವಣೆ ಇಲ್ಲ. ಊರಿನ ದೂರು ಮೇಲಕ್ಕೆ ಹೇಳುವ ಹಾಗಿಲ್ಲ, ಹೇಳಿದರೆ ದೇಶದ್ರೋಹಿ. ಅಭ್ಯರ್ಥಿ ಆರಿಸುವ ಹಾಗಿಲ್ಲ, ಅದು ಅಕ್ರಾದ ಕೆಲಸ. ಉಳಿದದ್ದು ಮೆರವಣಿಗೆಗೆ ಜನ ಸೇರಿಸುವುದು ಮತ್ತು ಯಾರು ಏನು ಮಾತಾಡಿದರು ಅಂತ ವರದಿ ಕೊಡುವುದು. ಇಂಥ ಪಕ್ಷ ಬಂದೂಕು ಕಂಡಾಗ ಬೀದಿಗೆ ಬರಬೇಕು ಅಂತ ನಿರೀಕ್ಷಿಸುವುದಾದರೂ ಹೇಗೆ?

ಹಣದ ಕತೆಯೂ ಅದೇ ಹೊತ್ತಿಗೆ ಮುಗಿದಿತ್ತು. ಸ್ವಾತಂತ್ರ್ಯ ಬಂದಾಗ ದೇಶದ ಬಳಿ ಸುಮಾರು 20 ಕೋಟಿ ಪೌಂಡ್ ಮೀಸಲು ಇತ್ತು. 1965ರ ಹೊತ್ತಿಗೆ ಅದು ಖಾಲಿ, ಮೇಲೆ ಸಾಲ. ಟೆಮಾ ಬಂದರು, ಅಕೊಸೊಂಬೊ ಅಣೆಕಟ್ಟೆಯಂಥ ಬಾಳುವ ಕೆಲಸಗಳೂ ಆ ದುಡ್ಡಿನಲ್ಲೇ ಆದವು. ಆಫ್ರಿಕ ನಾಯಕರ ಒಂದು ಸಮ್ಮೇಳನಕ್ಕಾಗಿ 'ಜಾಬ್ 600' ಎಂಬ ಭವ್ಯ ಕಟ್ಟಡವೂ ಎದ್ದಿತು. ಆಗ ಊರಲ್ಲಿ ಸಕ್ಕರೆ, ಹಾಲಿನ ಪುಡಿ, ಅಕ್ಕಿಗೆ ಪರದಾಟ. 1965ರಲ್ಲಿ ಕೋಕೋ ಬೆಲೆ ಟನ್ನಿಗೆ 100 ಪೌಂಡಿಗಿಂತ ಕೆಳಗೆ ಬಿತ್ತು. ಬೆಲೆ ಬಿದ್ದಾಗ ರೈತನನ್ನು ಕಾಪಾಡುತ್ತೇವೆ ಅಂತ ಕೂಡಿಟ್ಟ ಹಣ ಅಷ್ಟರಲ್ಲಿ ಇರಲೇ ಇಲ್ಲ. ರೈತನಿಗೆ ಕೊಡುವ ಬೆಲೆಯನ್ನು ಇನ್ನೂ ಇಳಿಸಿದರು.

ಸೈನ್ಯಕ್ಕೆ ಅದರದೇ ಸಿಟ್ಟು ಇತ್ತು. ಅಧ್ಯಕ್ಷರ ಕಾವಲು ಪಡೆಗೆ ಸೋವಿಯತ್ ಆಯುಧ, ಒಳ್ಳೆಯ ಸವಲತ್ತು. ಮಾಮೂಲಿ ಸೈನಿಕನಿಗೆ ಹರಿದ ಸಮವಸ್ತ್ರ. 1965ರಲ್ಲಿ ಇಬ್ಬರು ಹಿರಿಯ ಜನರಲ್‌ಗಳನ್ನು ಮನೆಗೆ ಕಳಿಸಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಸಂಧಾನ ಮಾಡಲು ಎನ್‌ಕ್ರುಮಾ ಹನೋಯ್‌ಗೆ ಹೊರಟದ್ದೇ ತಡ, ಕರ್ನಲ್ ಕೊಟೊಕಾ, ಮೇಜರ್ ಅಫ್ರಿಫಾ, ಪೊಲೀಸ್ ಮುಖ್ಯಸ್ಥ ಹಾರ್ಲಿ ಸೇರಿ ಕೆಲಸ ಮುಗಿಸಿದರು. ಬೀಜಿಂಗ್‌ನಲ್ಲಿ ಇಳಿದಾಗ ಎನ್‌ಕ್ರುಮಾಗೆ ಸುದ್ದಿ ತಿಳಿಯಿತು. ಪಶ್ಚಿಮ ಆಫ್ರಿಕದ ಗಿನಿ ದೇಶದ ಅಧ್ಯಕ್ಷ ಸೆಕು ತುರೆ ಆಶ್ರಯ ಕೊಟ್ಟು ಸಹ-ಅಧ್ಯಕ್ಷ ಪಟ್ಟವನ್ನೂ ಕೊಟ್ಟರು. ಅಲ್ಲಿಂದ ರೇಡಿಯೋದಲ್ಲಿ 'ಎದ್ದು ನಿಲ್ಲಿ' ಅಂತ ತಿಂಗಳುಗಟ್ಟಲೆ ಕರೆಕೊಟ್ಟರು. ಯಾರೂ ಏಳಲಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸಂಚು ನಡೆಯುತ್ತಿದೆ ಅನ್ನುವುದು ಅಮೆರಿಕಕ್ಕೆ 1965ರಲ್ಲೇ ಗೊತ್ತಿತ್ತು, ಆದಾಗ ಖುಷಿಪಟ್ಟಿತು. ಅವರದೇ ಸರ್ಕಾರ ಆಮೇಲೆ ಪ್ರಕಟಿಸಿದ ದಾಖಲೆಗಳಲ್ಲಿ ಇದು ಇದೆ. ಸಾಲ ಕೇಳಿದಾಗ ಪಶ್ಚಿಮದವರು ಕೈ ಬಿಗಿ ಹಿಡಿದದ್ದೂ ನಿಜ. ಎಲ್ಲ ಅವರೇ ಮಾಡಿಸಿದರು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೂ ನಿಮ್ಮ ಮೊದಲ ಪ್ರಶ್ನೆಗೆ ಅದು ಉತ್ತರವಲ್ಲ. ಹೊರಗಿನವರು ಬಂದೂಕಿನವನ ಬೆನ್ನು ತಟ್ಟಬಹುದು. ಸೆಕೊಂಡಿಯ ರೈಲ್ವೆಯವನನ್ನು ಆ ದಿನ ಮನೆಯಲ್ಲಿ ಕೂರಿಸಿದ್ದು ಅವರಲ್ಲ.

ಪಕ್ಷ ಈಗಲೂ ಇದೆಯೇ ಅಂದರೆ, ಹೆಸರಿಗೆ ಇದೆ. 1966ರಲ್ಲಿ ನಿಷೇಧವಾಯಿತು. 1969ರ ಚುನಾವಣೆಯಲ್ಲಿ ಬುಸಿಯಾ ಗೆದ್ದರು. ಅವರ ಸರ್ಕಾರ 1971ರಲ್ಲಿ ಸಿಪಿಪಿಯನ್ನು ಮತ್ತೆ ಎಬ್ಬಿಸುವುದನ್ನೇ ಅಪರಾಧ ಮಾಡಿತು. ಎನ್‌ಕ್ರುಮಾ 1972ರ ಏಪ್ರಿಲ್‌ನಲ್ಲಿ ರುಮೇನಿಯಾದ ಬುಖಾರೆಸ್ಟ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಬುಸಿಯಾ ಅವರನ್ನೂ ಸೈನ್ಯ ಇಳಿಸಿತ್ತು. ಹಳೆಯ ಸಿಪಿಪಿಯವರು ಬೇರೆ ಹೆಸರಿನಲ್ಲಿ ಒಂದಾಗಿ 1979ರಲ್ಲಿ ಹಿಲ್ಲಾ ಲಿಮನ್ ಅವರನ್ನು ಅಧ್ಯಕ್ಷರಾಗಿ ಗೆಲ್ಲಿಸಿದರು. ಎರಡೇ ವರ್ಷದಲ್ಲಿ ಜೆರ್ರಿ ರಾಲಿಂಗ್ಸ್ ಸೈನಿಕ ದಂಗೆ ಎದ್ದು ಅದನ್ನೂ ಮುಗಿಸಿದರು. 1992ರಲ್ಲಿ ಚುನಾವಣೆ ಮರಳಿದಾಗ ಎನ್‌ಕ್ರುಮಾವಾದಿಗಳು ಒಬ್ಬರಿಗೊಬ್ಬರು ಆಗದೆ ನಾಲ್ಕಾರು ಚೂರಾಗಿದ್ದರು. ಕೂಲಿಕಾರರು, ಸಣ್ಣ ವ್ಯಾಪಾರಿಗಳು, ಉತ್ತರ ಭಾಗದ ಬಡವರು, ಅಂದರೆ ಹಿಂದೆ ಸಿಪಿಪಿಗೆ ಸಹಜವಾಗಿ ಬೀಳುತ್ತಿದ್ದ ಮತಗಳು, ಬಹುಪಾಲು ರಾಲಿಂಗ್ಸ್ ಕಟ್ಟಿದ ಎನ್‌ಡಿಸಿ ಪಕ್ಷಕ್ಕೆ ಹೋದವು. ಎದುರು ಪಕ್ಷ ಎನ್‌ಪಿಪಿ, ಡಾಂಕ್ವಾ-ಬುಸಿಯಾ ಪರಂಪರೆ ತಮ್ಮದು ಅನ್ನುವವರದ್ದು. 2017ರಿಂದ ಎಂಟು ವರ್ಷ ಆಳಿದ ನಾನಾ ಅಕುಫೊ-ಅಡೊ ಬಿಗ್ ಸಿಕ್ಸ್‌ನ ಒಬ್ಬರ ಮಗ.

ಸಿಪಿಪಿ ಹೆಸರು ತೊಂಬತ್ತರ ದಶಕದಲ್ಲಿ ಮರಳಿತು. 2008ರಲ್ಲಿ ಎನ್‌ಕ್ರುಮಾ ಮಗಳು ಸಾಮಿಯಾ ತಂದೆಯ ಊರಿನ ಕಡೆಯ ಜೊಮೊರೊ ಕ್ಷೇತ್ರದಿಂದ ಗೆದ್ದರು, 2011ರಲ್ಲಿ ಪಕ್ಷದ ಅಧ್ಯಕ್ಷೆಯೂ ಆದರು. 2012ರಲ್ಲಿ ಸೋತರು. ಅಲ್ಲಿಂದ ಈಚೆಗೆ ಸಿಪಿಪಿಗೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಸಿಕ್ಕಿಲ್ಲ. ಎನ್‌ಕ್ರುಮಾ ಚಿತ್ರವನ್ನು ಮನೆಯಲ್ಲಿ ತೂಗುಹಾಕಿಕೊಂಡವರು ಘಾನಾದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಮತ ಹಾಕುವುದು ಬೇರೆ ಪಕ್ಷಕ್ಕೆ.